ನೆರೆಯವರನ್ನು ಓದಿದ ಅಲ್‌ಬಿರೂನಿ

ಒಂದು ಧರ್ಮದವರು ಏನು ನಂಬುತ್ತಾರೆಂದು ತಿಳಿಯಬೇಕಾದರೆ ಯಾರನ್ನು ಕೇಳಬೇಕು? ಆ ಧರ್ಮದವರನ್ನೇ ಕೇಳಬೇಕು. ಆದರೆ ನಾವು ಹಾಗೆ ಮಾಡುವುದಿಲ್ಲ. ಹಿಂದೂಗಳ ನಂಬಿಕೆ ಏನೆಂಬುದು ನಮ್ಮ ಮೊಹಲ್ಲಾದ ಕಟ್ಟೆಯ ಮೇಲೆ ತೀರ್ಮಾನವಾಗುತ್ತದೆ. ಮುಸ್ಲಿಮರ ನಂಬಿಕೆ ಏನೆಂಬುದು ಊರಿನ ಇನ್ನೊಂದು ಕಟ್ಟೆಯ ಮೇಲೆ. ಒಂದೇ ಕಚೇರಿಯಲ್ಲಿ, ಒಂದೇ ಸಂತೆಯಲ್ಲಿ ದುಡಿಯುವವರು ಪರಸ್ಪರರ ಬಗ್ಗೆ ಮೂರನೆಯವರಿಂದ ತಿಳಿಯುತ್ತೇವೆ.

ಈ ಕಾಯಿಲೆಯನ್ನು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದವರು ಅಬೂ ರೈಹಾನ್ ಅಲ್‌ಬಿರೂನಿ. ಅವರು 973ರಲ್ಲಿ ಮಧ್ಯ ಏಷ್ಯಾದ ಖ್ವಾರಿಜ್ಮ್‌ನಲ್ಲಿ ಹುಟ್ಟಿದರು. 1017ರಲ್ಲಿ ಘಜ್ನಿಯ ಮಹಮೂದ್ ಆ ನಾಡನ್ನು ವಶಪಡಿಸಿಕೊಂಡಾಗ ಅವರನ್ನೂ ಘಜ್ನಿಗೆ ಕರೆದೊಯ್ಯಲಾಯಿತು. ಅಲ್ಲಿಂದ ಪಂಜಾಬಿನವರೆಗೆ ಬಂದು, ಸಂಸ್ಕೃತ ಕಲಿತು, ಸುಮಾರು 1030ರಲ್ಲಿ 'ಕಿತಾಬುಲ್ ಹಿಂದ್' ಎಂಬ 80 ಅಧ್ಯಾಯಗಳ ಅರಬೀ ಗ್ರಂಥವನ್ನು ಮುಗಿಸಿದರು.

ಈ ಗ್ರಂಥ ಹುಟ್ಟಿದ ಕಾರಣ ಸ್ವಾರಸ್ಯಕರವಾಗಿದೆ. ದೇವರು ತನ್ನಿಂದ ತಾನೇ ಎಲ್ಲವನ್ನೂ ಬಲ್ಲನೆಂಬುದು ಮುಸ್ಲಿಮರಲ್ಲೇ ಒಂದು ಪಂಥವಾದ ಮುಅ್ತಝಿಲಾದವರ ವಾದವಾಗಿತ್ತು. ಲೇಖಕನೊಬ್ಬ ಇದನ್ನು ತಿರುಚಿ, ದೇವರಿಗೆ ಜ್ಞಾನವೇ ಇಲ್ಲವೆಂದು ಅವರು ಹೇಳುತ್ತಾರೆ ಎಂದು ಬರೆದಿದ್ದ. ಇದನ್ನು ಕಂಡ ಅಬೂ ಸಹಲ್ ಎಂಬ ವಿದ್ವಾಂಸರಿಗೆ ಬೇಸರವಾಯಿತು. ನಮ್ಮೊಳಗಿನ ಪಂಥದ ಬಗ್ಗೆಯೇ ಹೀಗಾದರೆ ಪರಧರ್ಮಗಳ ಗತಿಯೇನು? ಮಾತು ಹಿಂದೂಗಳ ಕಡೆಗೆ ತಿರುಗಿತು. ಅವರ ಬಗ್ಗೆ ಇದ್ದ ಬರಹಗಳೆಲ್ಲ ಒಬ್ಬರಿಂದೊಬ್ಬರು ನಕಲು ಮಾಡಿದವು ಎಂದು ಅಲ್‌ಬಿರೂನಿ ಹೇಳಿದರು. ಹಾಗಾದರೆ ನೀವೇ ಬರೆಯಿರಿ ಎಂದು ಅಬೂ ಸಹಲ್ ಒತ್ತಾಯಿಸಿದರು.

ಬರೆಯುವ ಮುನ್ನ ಅಲ್‌ಬಿರೂನಿ ಕಲಿಯಲು ಕುಳಿತರು. ಸಂಸ್ಕೃತದಲ್ಲಿ ಒಂದೇ ವಸ್ತುವಿಗೆ ಹಲವು ಹೆಸರು, ಒಂದೇ ಪದಕ್ಕೆ ಹಲವು ಅರ್ಥ. ಕೆಲವು ಅಕ್ಷರಗಳು ನಾಲಗೆಗೆ ಒಗ್ಗುವುದಿಲ್ಲ ಎಂದು ಕಷ್ಟವನ್ನು ತೋಡಿಕೊಂಡಿದ್ದಾರೆ. ಆದರೂ ಪತಂಜಲಿಯ ಯೋಗಶಾಸ್ತ್ರವನ್ನು ಅರಬಿಗೆ ತಂದರು. ಇದು ವಾದಕ್ಕಾಗಿ ಬರೆದ ಪುಸ್ತಕವಲ್ಲ, ಹಿಂದೂಗಳ ಮಾತನ್ನು ಇದ್ದಂತೆಯೇ ಮುಂದಿಡುತ್ತೇನೆ ಎಂದು ಸ್ಪಷ್ಟಪಡಿಸಿದರು.

ಹಾಗೆಂದು ಅವರು ಎಲ್ಲವನ್ನೂ ಒಪ್ಪಿದವರಲ್ಲ. ಧರ್ಮಭಕ್ತಿಯೊಂದನ್ನು ಬಿಟ್ಟರೆ ಮನುಷ್ಯರೆಲ್ಲ ಸಮಾನರೆಂದು ನಂಬುವ ನಮಗೆ ಜಾತಿಪದ್ಧತಿ ದೊಡ್ಡ ಅಡ್ಡಗೋಡೆ ಎಂದು ನೇರವಾಗಿ ಬರೆದರು. ಪರದೇಶಿಗಳ ಬಗ್ಗೆ ಪಂಡಿತರಿಗಿದ್ದ ತಾತ್ಸಾರವನ್ನೂ ಹೇಳಿದರು. ಆದರೆ ಇಂಥ ತಾತ್ಸಾರ ಎಲ್ಲ ಜನಾಂಗಗಳಲ್ಲೂ ಇದೆಯೆಂದು ಸೇರಿಸುವುದನ್ನು ಮರೆಯಲಿಲ್ಲ. ಇನ್ನೂ ಮುಖ್ಯವಾದುದು: ಮಹಮೂದನ ದಾಳಿಗಳು ಆ ನಾಡಿನ ಸಮೃದ್ಧಿಯನ್ನು ಹಾಳುಮಾಡಿದವು, ಹಿಂದೂಗಳಿಗೆ ಮುಸ್ಲಿಮರ ಮೇಲೆ ದ್ವೇಷ ಬೇರೂರಲು ಅವೇ ಒಂದು ಕಾರಣವಾದವು ಎಂದು ಘಜ್ನಿಯ ಆಶ್ರಯದಲ್ಲಿದ್ದುಕೊಂಡೇ ಬರೆದರು. ತನ್ನವರ ತಪ್ಪನ್ನು ಮುಚ್ಚಿಟ್ಟು ಪರರನ್ನು ಅರಿಯಲಾಗದು ಎಂಬುದು ಅವರಿಗೆ ತಿಳಿದಿತ್ತು.

ಅವರ ಗ್ರಂಥಕ್ಕೂ ಮಿತಿಯಿದೆ. ಅವರು ಹೆಚ್ಚಾಗಿ ಆಧರಿಸಿದ್ದು ಪಂಡಿತರನ್ನು ಮತ್ತು ಸಂಸ್ಕೃತ ಗ್ರಂಥಗಳನ್ನು. ಹೊಲದಲ್ಲಿ ದುಡಿಯುವವನ ದೇವರು ಅಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ನಮ್ಮ ನಾಡಿನವರೆಗೂ ಅವರು ಬರಲಿಲ್ಲ. ಆದರೂ ಭಾರತದ ಲಿಪಿಗಳನ್ನು ಪಟ್ಟಿಮಾಡುವಾಗ ಕರ್ಣಾಟ ದೇಶದ 'ಕರ್ಣಾಟ' ಲಿಪಿಯನ್ನು ಹೆಸರಿಸಿ, ಸೈನ್ಯಗಳಲ್ಲಿ 'ಕನ್ನರ'ರೆಂದು ಹೆಸರಾದ ಯೋಧರು ಅಲ್ಲಿಯವರೇ ಎಂದಿದ್ದಾರೆ. ಕನ್ನಡ ಓದುವ ನಮಗೆ ಆ ಸಾಲು ಹಳೆಯ ನೆಂಟನ ಕಾಗದದಂತಿದೆ.

ಇಂದು ಉರ್ದು ಶಾಲೆಯ ಮಗುವಿಗೆ ಪಕ್ಕದ ಮನೆಯ ಯುಗಾದಿಯ ಬೇವು-ಬೆಲ್ಲದ ಅರ್ಥ ಗೊತ್ತಿಲ್ಲ. ಕನ್ನಡ ಶಾಲೆಯ ಮಗುವಿಗೆ ಗೆಳೆಯ ರೋಜಾ ಏಕೆ ಹಿಡಿಯುತ್ತಾನೆಂದು ತಿಳಿದಿಲ್ಲ. ಅಲ್‌ಬಿರೂನಿಗೆ ಭಾಷೆಯ ಗೋಡೆ ದಾಟಬೇಕಿತ್ತು, ಯುದ್ಧದ ಗಾಯ ದಾಟಬೇಕಿತ್ತು. ನಮಗಾದರೋ ಭಾಷೆ ಒಂದೇ, ಬೀದಿಯೂ ಒಂದೇ. ಪಕ್ಕದ ಮನೆಯ ಬಾಗಿಲು ತಟ್ಟಿ ಕೇಳಿದರೆ ಸಾಕು. ಅಷ್ಟನ್ನೂ ನಾವು ಮಾಡದಿದ್ದರೆ, ನಮ್ಮ ಬಗ್ಗೆ ಅವರಿಗೂ ಅವರ ಬಗ್ಗೆ ನಮಗೂ ಹೇಳುವ ಕೆಲಸವನ್ನು ದ್ವೇಷ ಹರಡುವವರೇ ವಹಿಸಿಕೊಳ್ಳುತ್ತಾರೆ.