ಕ್ಷಯದ ಗಂಟಿನಲ್ಲಿ ಆಮ್ಲಜನಕ: ಒಂದು ಚಾರಿತ್ರಿಕ ವಿವೇಚನೆ

ಶುದ್ಧವಾದ ಗಾಳಿಯೇ ಕ್ಷಯಕ್ಕೆ ಪರಮೌಷಧವೆಂಬ ನಂಬಿಕೆ ಹಿಂದೆ ವೈದ್ಯರಲ್ಲಿಯೂ ಪ್ರಬಲವಾಗಿದ್ದಿತು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಸ್ಮರಣಾರ್ಥವಾಗಿ 1921ರಲ್ಲಿ ಮೈಸೂರಿನಲ್ಲಿ ತೆರೆದ ಆರೋಗ್ಯಧಾಮವು ಆ ಕಾಲದ ಕುರುಹು. ಆದರೆ ಮಲ್ಲಂದೂರಿನ ಕಾಫಿ ತೋಟಗಳ ನಿರ್ಮಲವಾದ ಗಾಳಿಯನ್ನೇ ಸೇವಿಸಿದರೂ ಅದರ ಆಮ್ಲಜನಕವು ರೋಗದ ಗಂಟಿನ ನಡುವನ್ನು ಮುಟ್ಟುವುದೆ?

ಮುಟ್ಟುವುದು ಅತ್ಯಲ್ಪ, ಅಲ್ಲಿ ರಕ್ತನಾಳಗಳಿಲ್ಲ. ಪ್ರಾಣಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗಗಳು ಇದನ್ನು ದೃಢಪಡಿಸಿದುವು. ಕಾಕ್‌ನು ಕ್ಷಯಾಣುವನ್ನು ಪ್ರಕಟಪಡಿಸಿದ 1882ರಲ್ಲಿಯೇ ಮೆಚ್ನಿಕಾಫನು ಭಕ್ಷಕಕೋಶಗಳ ಕಾರ್ಯವನ್ನು ಗುರುತಿಸಿದನು. ಈ ಕೋಶಗಳು ಉಸಿರಿಲ್ಲದ ಎಡೆಯಲ್ಲಿ ಹೋರಾಡುವ ಬಗೆ ಮಾತ್ರ ಬಹುಕಾಲ ತಿಳಿಯಲಿಲ್ಲ.

ಅದಕ್ಕೆ ದಾರಿ ತೋರಿದವರು 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸೆಮೆಂಜಾ, ರ‍್ಯಾಟ್‌ಕ್ಲಿಫ್ ಮತ್ತು ಕೇಲಿನ್. ಎಚ್.ಐ.ಎಫ್. ಎಂಬ ಪ್ರೋಟೀನು ಆಮ್ಲಜನಕವಿದ್ದಾಗ ಬೇಗನೆ ನಾಶವಾಗುತ್ತದೆ. ಕೊರತೆಯಾದಾಗ ಉಳಿದು, ಕೋಶವು ಆಮ್ಲಜನಕವಿಲ್ಲದೆಯೇ ಸಕ್ಕರೆಯಿಂದ ಶಕ್ತಿಯನ್ನು ಪಡೆಯುವಂತೆ ಮಾಡುತ್ತದೆ. ಇದಿಲ್ಲದ ಇಲಿಗಳ ಭಕ್ಷಕಕೋಶಗಳು ದುರ್ಬಲವಾಗುವುವೆಂದು 2003ರಲ್ಲಿ ತಿಳಿದುಬಂದಿತು. ಆದರೆ ಈ ಹೋರಾಟವೇ ಶ್ವಾಸಕೋಶವನ್ನು ಸವೆಸಲೂಬಹುದು. ಕ್ಷಯಾಣುವಾದರೋ ಅಲ್ಲಿ ಜಡವಾಗಿ ಅಡಗಿ ಔಷಧಕ್ಕೆ ಸುಲಭವಾಗಿ ಮಣಿಯದು.

ಮನೆಯಲ್ಲಿಯೇ ಔಷಧವನ್ನು ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣ ಹೊಂದುವರೆಂದು ಮದರಾಸಿನ ಅಧ್ಯಯನವು 1959ರಲ್ಲಿ ಸಾರಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆರಂಭವಾಯಿತು. ಗಾಳಿ ತಲುಪದ ಗಂಟನ್ನು ಔಷಧವು ತಲುಪಬೇಕು; ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ ಅಡಗಿದ ಶತ್ರುವು ಮತ್ತೆ ಏಳುವನು. ಬೆಟ್ಟದ ಊರಿನವರಿಗೂ ಬಯಲಿನವರಿಗೂ ಈ ಚರಿತ್ರೆಯು ಕಲಿಸುವ ಪಾಠ ಒಂದೇ.