ಹೊಟ್ಟೆಬಾಕ ಅನ್ನೋ ಬೈಗುಳ
ನಮ್ಮ ಕಡೆ, ಅಂದ್ರೆ ಆಳಂದ, ಅಫಜಲಪುರ, ಜೇವರ್ಗಿ ಸುತ್ತಮುತ್ತ, ಜಾಸ್ತಿ ಉಣ್ಣೋದು ತಪ್ಪಲ್ಲ. ನಾಲ್ಕನೇ ರೊಟ್ಟಿ ಬೇಡ ಅಂದ್ರೆ ಆಯಿ ಮುಖ ಸಣ್ಣಗೆ ಮಾಡ್ತಾಳೆ. 1972ರ ಬರ ಕಂಡವಳು ಆಕಿ. ರೇಷನ್ನಿನ ಕೆಂಪು ಜೋಳ ತಂದು ನುಚ್ಚು ಕುದಿಸಿ ಕುಡಿದ ಕಥೆ ನೂರು ಸಲ ಹೇಳಿದ್ದಾಳೆ. "ಮುಂದಿನ ಸುಗ್ಗ್ಯಾಗ ಎಷ್ಟು ಉಂಡ್ರೂ ಹೊಟ್ಟಿ ತುಂಬತಿದ್ದಿಲ್ಲಪ್ಪಾ" ಅಂತಾಳೆ. ಆದ್ರೆ ಒಬ್ಬನೇ ಕೂತು, ಕದ್ದು, ಗಬಗಬ ತಿಂದವನಿಗೆ ಮಾತ್ರ ಒಂದೇ ಹೆಸರು: ಹೊಟ್ಟೆಬಾಕ.

ಬೆಂಗಳೂರಿಗೆ ಬಂದ ಮೇಲೆ ಆ ಹೆಸರನ್ನ ನನಗೆ ನಾನೇ ಇಟ್ಟುಕೊಂಡೆ. ಬೆಳಿಗ್ಗೆ ಕಪ್ಪು ಕಾಫಿ, ಮಧ್ಯಾಹ್ನ ಸಲಾಡ್. ರಾತ್ರಿ ಹನ್ನೊಂದಕ್ಕೆ ಎರಡು ಬಿರಿಯಾನಿ, ಒಂದು ಪೂರ್ತಿ ಬ್ರೆಡ್ಡು, ಆಮೇಲೆ ಅವ್ವ ಕಳಿಸಿದ ಶೇಂಗಾ ಹೋಳಿಗೆ ಡಬ್ಬಿ. ರುಚಿ ಗೊತ್ತಾಗ್ತಿರಲಿಲ್ಲ, ನಿಲ್ಲಿಸೋಕೂ ಆಗ್ತಿರಲಿಲ್ಲ. ರೂಮ್‌ಮೇಟ್ ನೋಡಬಾರದು ಅಂತ ಖಾಲಿ ಡಬ್ಬಿಗಳನ್ನ ಪಕ್ಕದ ಗಲ್ಲಿಯ ಕಸದ ತೊಟ್ಟಿಗೆ ಹಾಕಿ ಬರ್ತಿದ್ದೆ.

ಇದಕ್ಕೆ ಬೈಗುಳ ಬಿಟ್ಟು ಬೇರೆ ಹೆಸರಿದೆ ಅಂತ ಗೊತ್ತಾಗಿದ್ದು ತಡವಾಗಿ. ಹೆಸರು ಹುಟ್ಟಿದ್ದೂ ತಡವೇ. 1959ರಲ್ಲಿ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್, ತನ್ನ ಕೆಲವು ರೋಗಿಗಳು ಸ್ವಲ್ಪ ಹೊತ್ತಿನಲ್ಲೇ ವಿಪರೀತ ತಿಂದು ಆಮೇಲೆ ಒದ್ದಾಡೋದನ್ನ ಗಮನಿಸಿ ಬರೆದ. 1994ರಲ್ಲಿ ಅಮೆರಿಕದ ಮನೋರೋಗಗಳ ಕೈಪಿಡಿ ಅದನ್ನ ಅನುಬಂಧಕ್ಕೆ ತಳ್ಳಿತು, ಇನ್ನೂ ಅಧ್ಯಯನ ಆಗ್ಬೇಕು ಅಂತ. ಬಿಂಜ್ ಈಟಿಂಗ್ ಡಿಸಾರ್ಡರ್ ಪೂರ್ಣ ಪ್ರಮಾಣದ ಕಾಯಿಲೆ ಅನ್ನಿಸಿಕೊಂಡಿದ್ದು 2013ರಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ರಿಪೋರ್ಟ್ ಆಗಿ 54 ವರ್ಷಕ್ಕೆ ಅದನ್ನ ಬಗ್ ಅಂತ ಒಪ್ಪಿಕೊಂಡರು. ಆ ಕೈಪಿಡಿ ಪ್ರಕಾರ ವಾರಕ್ಕೆ ಒಂದು ಸಲವಾದ್ರೂ, ಮೂರು ತಿಂಗಳು, ಕೈಮೀರಿ ತಿನ್ನೋದು. ಜೊತೆಗೆ ನಾಚಿಕೆ, ಹೇಸಿಗೆ. ತಿಂದದ್ದನ್ನ ವಾಂತಿ ಮಾಡಿ ಹೊರಹಾಕೋ ಅಭ್ಯಾಸ ಇದ್ರೆ ಅದು ಬೇರೆ ಕಾಯಿಲೆ. ದಪ್ಪ ಇರೋರಿಗೇ ಬರ್ಬೇಕು ಅಂತೇನಿಲ್ಲ.

ಆದ್ರೆ ನನ್ನ ಕಣ್ಣು ತೆರೆಸಿದ್ದು ಅದಕ್ಕೂ ಹಳೆಯ ಒಂದು ಪ್ರಯೋಗ. ಎರಡನೇ ಮಹಾಯುದ್ಧದ ಕೊನೆಗೆ, ಹಸಿದ ಜನರಿಗೆ ಮತ್ತೆ ಉಣ್ಣೋಕೆ ಕೊಡೋದು ಹೇಗೆ ಅಂತ ತಿಳಿಯೋಕೆ ಆನ್ಸೆಲ್ ಕೀಸ್ ಮಿನೆಸೋಟಾದಲ್ಲಿ 36 ಗಂಡಸರನ್ನ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟ. ಯುದ್ಧಕ್ಕೆ ಹೋಗಲ್ಲ ಅಂದ, ತಾವಾಗೇ ಒಪ್ಪಿ ಬಂದ ಆರೋಗ್ಯವಂತರು ಅವರು. ದಿನವಿಡೀ ಊಟದ್ದೇ ಯೋಚನೆ, ಅಡುಗೆ ಪುಸ್ತಕ ಓದೋ ಹುಚ್ಚು. ಪ್ರಯೋಗ ಮುಗಿದ ಮೇಲೆ ಕೆಲವರು ಹೊಟ್ಟೆ ಬಿರಿಯೋವರೆಗೆ ತಿಂದರೂ ಇನ್ನೂ ಹಸಿವು ಅಂದ್ರು. ಇದು 1950ರಲ್ಲಿ ಪುಸ್ತಕವಾಗಿ ಬಂತು. ನಮ್ಮ ಆಯಿ ಕಟ್ಟೆ ಮೇಲೆ ಕೂತು ಹೇಳಿದ್ದೂ ಇದನ್ನೇ ಅಲ್ವಾ? ಆಕಿಗೆ ಬರ ಮೇಲಿಂದ ಬಂದಿತ್ತು, ನಾನು ಸಂಬಳ ಎಣಿಸ್ತಾ ಸಲಾಡ್ ಡಬ್ಬಿಯಲ್ಲಿ ತಂದುಕೊಂಡಿದ್ದೆ.

ಎಲ್ಲರಿಗೂ ಡಯಟ್ಟೇ ಕಾರಣ ಅಲ್ಲ. ಮನೆತನದಿಂದ ಬಂದದ್ದು, ದುಃಖ, ಚಿಕ್ಕಂದಿನಲ್ಲಿ ಮೈ ನೋಡಿ ಆಡಿದ ಮಾತು, ಎಲ್ಲ ಸೇರಿರುತ್ತೆ.

ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮನಸ್ ಅಂತ, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡ್ಬಹುದು. ಅಲ್ಲಿಂದ ಒಬ್ಬ ಮನಶ್ಶಾಸ್ತ್ರಜ್ಞೆ ಹತ್ರ ಹೋದೆ. ಡಯಟ್ ಚಾರ್ಟ್ ಕೊಡ್ತಾರೆ ಅಂದ್ಕೊಂಡಿದ್ದೆ, ಅವರು ಕೊಟ್ಟಿದ್ದು ಟೈಮ್‌ಟೇಬಲ್ಲು: ಮೂರು ಊಟ, ನಡುವೆ ಏನಾದ್ರೂ ಸ್ವಲ್ಪ, ಯಾವುದನ್ನೂ ತಪ್ಪಿಸೋ ಹಾಗಿಲ್ಲ. ಯಾವ ಹೊತ್ತಿನಲ್ಲಿ, ಯಾವ ಮನಸ್ಥಿತಿಯಲ್ಲಿ ಕೈಮೀರ್ತು ಅಂತ ಬರೆದಿಡ್ಬೇಕು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅಂದ್ರೆ ಹೆಚ್ಚುಕಡಿಮೆ ಇದೇ, ಈ ಕಾಯಿಲೆಗೆ ಚೆನ್ನಾಗಿ ಪರೀಕ್ಷೆಯಾದ ಚಿಕಿತ್ಸೆ.

ಆಯಿಗೆ ಹೇಳ್ದೆ. "ಅಂದ್ರ ಮುಂಜಾನಿ ಉಣ್ಣು ಅಂತ ಹೇಳಿಸ್ಕೊಳ್ಳಾಕ ರೊಕ್ಕ ಕೊಟ್ಟಿಯೇನೋ?" ಅಂದ್ಳು.

ಹೋದ ತಿಂಗಳ ರಿಲೀಸ್ ರಾತ್ರಿ ಮತ್ತೆ ಆಯ್ತು. ಡಬ್ಬಿಗಳನ್ನ ಈ ಸಲ ನಮ್ಮನೆ ತೊಟ್ಟಿಗೇ ಹಾಕಿದೆ. ಮರುದಿನ ಉಪವಾಸ ಮಾಡಲಿಲ್ಲ. ಒಂಬತ್ತಕ್ಕೆ ಉಪ್ಪಿಟ್ಟು ತಿಂದೆ.