ಕೂಲಿಯಿಂದ ಕಸುಬಿನವರೆಗೆ: ನಮ್ಮ ಸೀಮೆಯಲ್ಲಿ ಉದ್ಯೋಗ ಯೋಜನೆಗಳು ನಡೆದು ಬಂದ ದಾರಿ



ಸಂಘದ ಷೇರು, ಠೇವಣಿ, ಸಾಲ ವಸೂಲಿ ಇವುಗಳ ವಿವರ ವರದಿಯಲ್ಲಿ ಬಂದೇ ಇರುತ್ತದೆ. ಆದರೆ ಸಾಲಕ್ಕೆ ಅರ್ಜಿ ಕೊಡಲು ಬರುವ ತಂದೆತಾಯಿ ಕಟ್ಟೆಯ ಮೇಲೆ ಕೂತು ಆಡುವ ಮಾತು ಯಾವ ವರದಿಯಲ್ಲೂ ಇರುವುದಿಲ್ಲ. "ಹುಡುಗ ಓದಿದ್ದಾಯ್ತು ಕಣಣ್ಣ, ಈಗ ಏನು ಮಾಡ್ಸೋದು?" ಈ ಪ್ರಶ್ನೆಗೆ ಸರ್ಕಾರಗಳು ಕಾಲಕಾಲಕ್ಕೆ ಕೊಟ್ಟ ಉತ್ತರ ಏನು, ಅದರಲ್ಲಿ ನಮಗೆ ದಕ್ಕಿದ್ದೆಷ್ಟು ಎಂಬುದನ್ನು ಹಿಂತಿರುಗಿ ನೋಡಿದರೆ ಮುಂದಿನ ದಾರಿಗೆ ಅನುಕೂಲವಾದೀತು.

ನಮ್ಮ ಸೀಮೆಗೆ ಮೊದಲು ಕೆಲಸ ತಂದದ್ದು ಯೋಜನೆಯ ಹೆಸರಲ್ಲ, ನೀರು ಮತ್ತು ಕರೆಂಟು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಆಮೇಲೆ ಕನ್ನಂಬಾಡಿ ಕಟ್ಟೆ, ಇರ್ವಿನ್ ನಾಲೆ ಬಂದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದಕ್ಕಾಗಿ ದುಡಿದವರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್ಮನ್ ಪ್ರಮುಖರು. ನಾಲೆ ಅಗೆಯೋದು, ಕಬ್ಬು ಕಡಿಯೋದು, ಗಾಡಿ ಹೊಡೆಯೋದು, ಆಲೆಮನೆಯಲ್ಲಿ ಪಾಕ ನೋಡೋದು, ಇವೆಲ್ಲ ಕೆಲಸ ಮಾಡುತ್ತಲೇ ಕಲಿತ ವಿದ್ಯೆಗಳು. ಯಾರೂ ಸರ್ಟಿಫಿಕೇಟು ಕೊಡಲಿಲ್ಲ. ಆದರೆ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಗೆ ನೀರು ತಲುಪದ ವರ್ಷ ಕೆಲಸವೂ ತಲುಪುತ್ತಿರಲಿಲ್ಲ.

ಓದಿದವರಿಗೆ ಬೇರೆ ವ್ಯವಸ್ಥೆ ಆಯಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಕೆಲಸ ಕೊಡಿಸಲು 1945ರಲ್ಲಿ ಶುರುವಾದ ಇಲಾಖೆಯೇ ಮುಂದೆ ಎಲ್ಲರಿಗೂ ಉದ್ಯೋಗ ವಿನಿಮಯ ಕಚೇರಿಯಾಯಿತು. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬಂದು ಐ.ಟಿ.ಐ.ಗಳಿಗೆ ದಾರಿಯಾಯಿತು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಆಯಿತು. 1962ರಲ್ಲಿ ಕೆ.ವಿ. ಶಂಕರಗೌಡರ ಶ್ರಮದಿಂದ ಮಂಡ್ಯಕ್ಕೆ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಬಂತು. ಎಸ್ಸೆಸ್ಸೆಲ್ಸಿ ಆದ ಕೂಡಲೇ ಪಟ್ಟಣಕ್ಕೆ ಹೋಗಿ ಕಾರ್ಡು ಮಾಡಿಸಿಕೊಂಡು, ಅದನ್ನು ನವೀಕರಿಸುತ್ತಾ ಇಂಟರ್‌ವ್ಯೂ ಕಾಗದಕ್ಕೆ ಕಾಯುವುದೇ ಒಂದು ತಲೆಮಾರಿನ ಕಸುಬಾಗಿ ಹೋಯಿತು ಎಂದರೆ ತಪ್ಪಾಗಲಾರದು.

ಹಳ್ಳಿಯಲ್ಲೇ ಇರುವ ಬಡವರ ಕಡೆಗೆ ಸರ್ಕಾರ ಗಟ್ಟಿಯಾಗಿ ತಿರುಗಿದ್ದು 1980ರ ಹೊತ್ತಿಗೆ. ಕೂಲಿಗೆ ಎನ್.ಆರ್.ಇ.ಪಿ. 1980ರಲ್ಲೂ, ಭೂಹೀನರಿಗಾಗಿ ಆರ್.ಎಲ್.ಇ.ಜಿ.ಪಿ. 1983ರಲ್ಲೂ ಬಂದವು. 1989ರಲ್ಲಿ ಎರಡೂ ಸೇರಿ ಜವಾಹರ್ ರೋಜ್‌ಗಾರ್ ಯೋಜನೆಯಾಗಿ, ಹಣ ಪಂಚಾಯ್ತಿಗೇ ಬರತೊಡಗಿತು. ಸ್ವಂತ ಕಸುಬಿಗೆ ಐ.ಆರ್.ಡಿ.ಪಿ. ಸಾಲ ಇತ್ತು. ಸಣ್ಣ ರೈತರಿಗೆ ನೂರಕ್ಕೆ 25, ಅತಿ ಸಣ್ಣ ರೈತರಿಗೂ ಕೂಲಿಕಾರರಿಗೂ ಮೂರನೇ ಒಂದು ಪಾಲು, ಪರಿಶಿಷ್ಟರಿಗೆ 50 ಸಹಾಯಧನ. ನಮ್ಮ ಕಡೆ "ಸಬ್ಸಿಡಿ" ಎಂಬ ಮಾತು ಅಕ್ಷರ ಬಾರದವರ ಬಾಯಲ್ಲೂ ಬಂದದ್ದು ಇದರಿಂದಲೇ.

ಯುವಕರ ತರಬೇತಿಗೆ 1979ರ ಆಗಸ್ಟ್ 15ರಂದು ಟ್ರೈಸೆಮ್ ಆರಂಭವಾಯಿತು. 18ರಿಂದ 35 ವಯಸ್ಸಿನ ಬಡ ಕುಟುಂಬದವರನ್ನು ಆರಿಸಿ, ಸ್ಟೈಪೆಂಡ್ ಕೊಟ್ಟು ಕಸುಬು ಕಲಿಸಿ, ಬಳಿಕ ಬ್ಯಾಂಕ್ ಸಾಲ ಕೊಡಿಸುವುದು ಇದರ ಉದ್ದೇಶ. ಒಂದು ಬ್ಲಾಕಿಗೆ ವರ್ಷಕ್ಕೆ 40 ಜನ, ದೇಶಕ್ಕೆ 2 ಲಕ್ಷ ಜನ ಎಂಬ ಗುರಿ ಇತ್ತು. ಕಾಗದದ ಮೇಲೆ ಒಳ್ಳೆಯ ಯೋಜನೆಯೇ ಸರಿ. ಆದರೆ 1993ರಲ್ಲಿ ಕೇಂದ್ರ ಸರ್ಕಾರವೇ ಮಾಡಿಸಿದ ಮೌಲ್ಯಮಾಪನದಲ್ಲಿ, ತರಬೇತಿ ಪಡೆದ ನೂರು ಮಂದಿಯಲ್ಲಿ ಸುಮಾರು 47 ಜನ ತರಬೇತಿಯ ನಂತರವೂ ನಿರುದ್ಯೋಗಿಗಳು ಎಂದು ಕಂಡುಬಂತು. ಅರ್ಧಕ್ಕಿಂತ ಹೆಚ್ಚು ಜನ ಸಾಲಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಇದರ ಕಾರಣ ತಿಳಿಯಲು ದೊಡ್ಡ ಪಂಡಿತರು ಬೇಕಿಲ್ಲ. ಒಂದೇ ಊರಲ್ಲಿ ಹತ್ತು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದರೆ ಹೊಲಿಸಿಕೊಳ್ಳುವವರು ಯಾರು? ಕಲಿಸುವವರು ಒಂದು ಕಡೆ, ಸಾಲ ಕೊಡುವವರು ಇನ್ನೊಂದು ಕಡೆ, ಮಾಲು ಕೊಳ್ಳುವವರು ಎಲ್ಲೂ ಇಲ್ಲ. ಹಾಗಾದರೆ ಸರ್ಟಿಫಿಕೇಟು ಟ್ರಂಕಿನೊಳಗೇ ಉಳಿಯುತ್ತದೆ.

ಹಾಗಾದರೆ ಕಲಿತದ್ದು ಕೈ ಹಿಡಿದದ್ದು ಎಲ್ಲಿ? ಮದ್ದೂರು, ಮಳವಳ್ಳಿ ಕಡೆಯ ರೇಷ್ಮೆಯನ್ನೇ ನೋಡಿ. ಹಿಪ್ಪುನೇರಳೆ ನಾಟಿಯಿಂದ ಹಿಡಿದು ಚಾಕಿ ಸಾಕಣೆ, ಸೋಂಕು ನಿವಾರಣೆವರೆಗೆ ಕಲಿತವನಿಗೆ ಗೂಡು ಮಾರಲು ರಾಮನಗರದ ಮಾರುಕಟ್ಟೆ ಇತ್ತು. ಹಾಲಿನ ವಿಷಯವೂ ಹಾಗೆಯೇ. ಹಸು ಸಾಕುವುದನ್ನು ಕಲಿತ ಹೆಂಗಸಿಗೆ ಊರಲ್ಲೇ ಡೈರಿ, ಅದರ ಹಿಂದೆ ಗೆಜ್ಜಲಗೆರೆಯ ಒಕ್ಕೂಟ. ಇಲ್ಲಿ ಕಲಿಕೆ, ಸಾಲ, ಮಾರಾಟ ಮೂರೂ ಒಂದೇ ಹಗ್ಗದ ಎಳೆಗಳಾದವು. ಆ ಹಗ್ಗ ಹೊಸೆದದ್ದರಲ್ಲಿ ಸಹಕಾರ ತತ್ವದ ಪಾಲು ದೊಡ್ಡದು.

1993ರಲ್ಲಿ ಓದಿದ ನಿರುದ್ಯೋಗಿಗಳಿಗೆ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ಬಂತು. 1999ರ ಏಪ್ರಿಲ್ 1ರಂದು ಐ.ಆರ್.ಡಿ.ಪಿ., ಟ್ರೈಸೆಮ್, ಡ್ವಾಕ್ರಾ ಎಲ್ಲವನ್ನೂ ಸೇರಿಸಿ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆ ಮಾಡಿದರು. ಒಬ್ಬೊಬ್ಬರಿಗೆ ಕೊಡುವುದಕ್ಕಿಂತ ಗುಂಪಿಗೆ ಕೊಡಬೇಕು ಎಂಬ ಬುದ್ಧಿ ಇದರಿಂದ ಬಲವಾಯಿತು. ಅದರ ಹಿಂದೆಯೇ ನಮ್ಮ ರಾಜ್ಯದ ಸ್ತ್ರೀಶಕ್ತಿ ಗುಂಪುಗಳೂ ಬಂದವು. ಹೆಚ್ಚು ಕಡಿಮೆ ಇದೇ ಕಾಲದಲ್ಲಿ ನಮ್ಮ ಸಂಘವೂ ಹುಟ್ಟಿತು ಎಂಬುದನ್ನು ಸದಸ್ಯರು ನೆನಪಿಡಬೇಕು.

ಕೂಲಿಯ ಮಟ್ಟಿಗೆ ದೊಡ್ಡ ತಿರುವು ಎಂದರೆ 2005ರ ಉದ್ಯೋಗ ಖಾತ್ರಿ ಕಾಯ್ದೆ. ಮೂರನೇ ಹಂತದಲ್ಲಿ, 2008ರ ಏಪ್ರಿಲ್‌ನಲ್ಲಿ ಅದು ಮಂಡ್ಯ ಜಿಲ್ಲೆಗೂ ಬಂತು. ಮನೆಗೆ ವರ್ಷಕ್ಕೆ 100 ದಿನ ಕೆಲಸ ಕೇಳುವುದು ಬೇಡಿಕೆಯಲ್ಲ, ಹಕ್ಕಾಯಿತು. ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಬದಲಿಗೆ 125 ದಿನಗಳ ಹೊಸ ಕಾಯ್ದೆಯನ್ನು ಅಂಗೀಕರಿಸಿತು.

ತರಬೇತಿಯಲ್ಲಿ ದೇಶಕ್ಕೇ ಮಾದರಿಯಾದದ್ದು ನಮ್ಮ ಕನ್ನಡ ನಾಡಿನದೇ ಎಂಬುದು ಹೆಮ್ಮೆಯ ಸಂಗತಿ. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದರು. ಊಟ ವಸತಿ ಸಹಿತ ಉಚಿತ ತರಬೇತಿ, ಮುಗಿದ ಮೇಲೆ ಕೈಬಿಡದೆ ಬೆನ್ನು ಹಿಡಿದು ವಿಚಾರಿಸುವುದು, ಬ್ಯಾಂಕೇ ಪಾಲುದಾರ. ಟ್ರೈಸೆಮ್‌ನಲ್ಲಿ ಇಲ್ಲದಿದ್ದದ್ದು ಇದೇ. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಜಿಲ್ಲೆ ಜಿಲ್ಲೆಗೂ ತಂದಿತು. ರಾಜ್ಯದಲ್ಲಿ 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಬಂತು. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ನಿಗದಿಯಾಯಿತು. ಆ ಹಣ ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಆದೀತು. ಕಸುಬು ಮಾತ್ರ ಕಲಿತೇ ಬರಬೇಕು.

ಯೋಜನೆಗಳ ಹೆಸರು ಬದಲಾಗುತ್ತಲೇ ಇರುತ್ತವೆ. ಅಧಿಕಾರಿಗಳು ವರ್ಗವಾಗುತ್ತಾರೆ. ಊರಲ್ಲಿ ಉಳಿಯುವುದು ಸಂಘ. ಆದ್ದರಿಂದ ನಮ್ಮಿಂದ ಆಗಬೇಕಾದ ಮೂರು ಕೆಲಸಗಳಿವೆ. ಮೊದಲನೆಯದು, ಯಾವ ತರಬೇತಿ ಎಲ್ಲಿ ನಡೆಯುತ್ತಿದೆ ಎಂಬುದನ್ನು ಸಂಘದ ಬೋರ್ಡಿನಲ್ಲಿ ಬರೆಯುವುದು. ಎರಡನೆಯದು, ಕಲಿತು ಬಂದವರ ಹೆಸರು ಪುಸ್ತಕದಲ್ಲಿ ಬರೆದಿಟ್ಟು, ಆರು ತಿಂಗಳಾದ ಮೇಲೆ "ಏನಪ್ಪ, ಏನವ್ವ, ಹೆಂಗೆ ನಡೀತಿದೆ?" ಅಂತ ವಿಚಾರಿಸುವುದು. ಮೂರನೆಯದು, ಮಾಲಿಗೆ ಗಿರಾಕಿ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಸಾಲ ಕೊಡುವುದು. ಇದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ, ಮನಸ್ಸು ಬೇಕು.

ನಮ್ಮ ಮಕ್ಕಳು ಬೆಂಗಳೂರಿಗೆ ಹೋಗುವುದು ತಪ್ಪಲ್ಲ. ಬೇರೆ ದಾರಿಯೇ ಇಲ್ಲದೆ ಹೋಗುವಂತಾಗಬಾರದು, ಅಷ್ಟೇ. ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ಸಾಲ ತೀರಿಸಿದವರ ಪಟ್ಟಿಯ ಜೊತೆಗೆ ಕಸುಬು ಹಿಡಿದವರ ಪಟ್ಟಿಯೂ ಅಚ್ಚಾಗಲಿ ಎಂದು ಹಾರೈಸುತ್ತೇನೆ.